ಖಜಾಂಚಿಯ ವರದಿಯಲ್ಲಿ ಇಲ್ಲದ ಸಾಲು

ಐದು ನಿಮಿಷ, ಹತ್ತು ಸೆಕೆಂಡ್. ನಾನೇ ವಾಚ್ ನೋಡಿಕೊಂಡಿದ್ದೆ.

ಹಾಸನದ ಆ ಪುಟ್ಟ ಚರ್ಚಿನ ವಾರ್ಷಿಕ ಸಭೆಯಲ್ಲಿ ಖಜಾಂಚಿಯ ವರದಿ ಓದಿ ಮುಗಿಸಲು ಇಷ್ಟು ವರ್ಷ ಎರಡು ಗಂಟೆ ಬೇಕಾಗುತ್ತಿತ್ತಂತೆ. ಎರಡು ಭಾನುವಾರಗಳ ಹಿಂದೆ ಅದು ಐದು ನಿಮಿಷಕ್ಕೆ ಇಳಿಯಿತು. ಒಂದೇ ಹಾಳೆ. ಆರು ಬಾಬ್ತು ಜಮಾ, ಒಂಬತ್ತು ಬಾಬ್ತು ಖರ್ಚು, ಕೆಳಗೆ ಉಳಿಕೆ. ಪೈಸೆಗೆ ಪೈಸೆ ತಾಳೆ. ಆ ಹಾಳೆಯನ್ನು ಕಂಪ್ಯೂಟರಿನಿಂದ ತೆಗೆದುಕೊಟ್ಟವಳು ನಾನು. ಎರಡನೇ ಬೆಂಚಿನ ತುದಿಯಲ್ಲಿ ಕೂತು, ಮುಖದ ಮೇಲೆ ಏನೂ ತೋರಿಸಿಕೊಳ್ಳದೆ, ಒಳಗೊಳಗೇ ಬೀಗುತ್ತಿದ್ದೆ.

ಆಗ ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದು ನಿಂತರು.

“ಸಾ, ಮುಗೀತಾ?”

“ಮುಗೀತು ಕರುಣಮ್ಮ,” ಅಂದರು ಖಜಾಂಚಿ.

“ನಂದು ಓದ್ನೇ ಇಲ್ವಲ್ಲಾ ಸಾ?”

ಇಡೀ ಚರ್ಚು ತಿರುಗಿ ಅವರನ್ನು ನೋಡಿತು. ನಾನು ಮಾತ್ರ ನನ್ನ ಹಾಳೆ ನೋಡಿಕೊಂಡೆ. ಏಕೆಂದರೆ ಅವರು ಏನನ್ನು ಕೇಳುತ್ತಿದ್ದಾರೆ ಎಂದು ಆ ಸಭೆಯಲ್ಲಿ ಖಜಾಂಚಿಯನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು.

ಮೊದಲು ನಾನು ಅಲ್ಲಿ ಏಕಿದ್ದೆ ಎಂದು ಹೇಳಬೇಕು. ಈ ಅಂಕಣ ಓದುವವರಿಗೆ ಗೊತ್ತಿರುವಂತೆ ನಾನು ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವವಳು. ಎಂ.ಕಾಂ. ಓದಿ, ಲೆಕ್ಕದ ಸಾಫ್ಟ್‌ವೇರ್ ಕಲಿತು, ಅದನ್ನೇ ಇನ್ನೊಬ್ಬರಿಗೆ ಕಲಿಸಿ ಬದುಕುತ್ತಿದ್ದೇನೆ. ನನ್ನ ವಿದ್ಯಾರ್ಥಿಗಳೆಲ್ಲ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು. ಹೋದ ವರ್ಷ ಏಪ್ರಿಲ್‌ನಲ್ಲಿ ಮಾತ್ರ, ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟಿನ ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡು, ಅರುವತ್ತು ದಾಟಿದ ಒಬ್ಬರು ಬಂದು ಫಾರಂ ತುಂಬಿದರು. ಸುಂದರರಾಜ್. ಗೊರೂರಿನ ನೀರಾವರಿ ಇಲಾಖೆಯಲ್ಲಿ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ತಮ್ಮ ಚರ್ಚಿಗೆ ಯಾರೋ ಒಂದು ಕಂಪ್ಯೂಟರ್ ಕೊಟ್ಟಿದ್ದಾರೆ, ತಾವು ಅಲ್ಲಿಯ ಖಜಾಂಚಿ, ಆದ್ದರಿಂದ ಕಲಿಯಲೇಬೇಕು ಅಂದರು.

ನನ್ನನ್ನು ‘ಮಿಸ್’ ಎಂದೇ ಕರೆದರು. ನನ್ನ ಅಪ್ಪನಿಗಿಂತ ದೊಡ್ಡವರು! ಬೇಡ ಸರ್ ಅಂದರೆ, “ಕಲಿಸೋರು ಮಿಸ್ಸೇ,” ಎಂದು ಮಾತು ಮುಗಿಸಿದರು.

ಅವರಂಥ ವಿದ್ಯಾರ್ಥಿ ನನಗೆ ಮತ್ತೆ ಸಿಕ್ಕಿಲ್ಲ. ಯಾವ ಕೀ ಒತ್ತಿದರೆ ಏನಾಗುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಪ್ರತಿ ಸಲ ಎಂಟರ್ ಕೀ ಮೇಲೆ ಬೆರಳಿಟ್ಟು, “ಕೊಡ್ಲಾ ಮಿಸ್?” ಎಂದು ಕೇಳುತ್ತಿದ್ದರು, ಮೇಲಧಿಕಾರಿಯ ಮುಂದೆ ಫೈಲು ಇಟ್ಟು ಸಹಿಗೆ ಕಾಯುವಂತೆ. ಪಕ್ಕದ ಸೀಟಿನ ಹುಡುಗಿಯೊಬ್ಬಳು ನಗು ತಡೆಯಲಾರದೆ, “ಅಂಕಲ್, ಕೊಟ್ಬಿಡಿ, ಏನೂ ಆಗಲ್ಲ,” ಅಂದಾಗ, “ಏನೂ ಆಗಲ್ಲ ಅಂತ ಕೊಟ್ಟೋರ ಫೈಲ್‌ಗಳನ್ನೇ ನಾನು ಮೂವತ್ತು ವರ್ಷ ಸರಿಮಾಡಿದ್ದು ಕಣಮ್ಮ,” ಅಂದರು.

ಕೋರ್ಸು ಮುಗಿದ ಮೇಲೂ ಶನಿವಾರ ಮಧ್ಯಾಹ್ನ ಒಂದು ಗಂಟೆ ಚರ್ಚಿಗೆ ಬಂದು ನೋಡುತ್ತೀರಾ ಎಂದು ಕೇಳಿದರು. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆಯೇ ಗೊತ್ತಾದದ್ದು, ಅವರ ಲೆಕ್ಕದ ಪುಸ್ತಕಗಳ ನಡುವೆ ಒಂದು ವಿಚಿತ್ರ ಪುಸ್ತಕ ಇದೆ ಎಂದು.

ನಗದು ಪುಸ್ತಕ, ರಸೀದಿ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್ಕು, ಇವು ಎಲ್ಲ ಕಡೆಯೂ ಇರುವವೇ. ನಾಲ್ಕನೆಯದು ಒಂದು ಉದ್ದನೆಯ ರಟ್ಟಿನ ಪುಸ್ತಕ. ಅದರಲ್ಲಿ ಸ್ತೋತ್ರ ಕಾಣಿಕೆಯ ವಿವರ. ಏನಾದರೂ ಒಳ್ಳೆಯದಾದಾಗ ಜನ ದೇವರಿಗೆ ವಂದನೆ ಹೇಳಿ ಕವರಿನಲ್ಲಿ ದುಡ್ಡಿಟ್ಟು ಕೊಡುತ್ತಾರೆ. ಕವರಿನ ಮೇಲೆ ಹೆಸರು, ಮೊತ್ತ, ಮತ್ತು ಏಕೆ ಕೊಟ್ಟೆವು ಎಂಬ ಕಾರಣ. ಸುಂದರರಾಜ್ ಸರ್ ಅದನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಪುಸ್ತಕಕ್ಕೆ ಇಳಿಸಿ ಕವರನ್ನು ಹರಿದುಹಾಕುತ್ತಿದ್ದರು. ವರ್ಷದ ಕೊನೆಗೆ, ಸಭೆಯಲ್ಲಿ, ಒಂದೊಂದನ್ನೂ ಗಟ್ಟಿಯಾಗಿ ಓದುತ್ತಿದ್ದರು. ಕಾರಣ ಸಮೇತ. ಎರಡು ಗಂಟೆ ಹಿಡಿಯುತ್ತಿದ್ದದ್ದು ಅದಕ್ಕೇ.

ಕಾರಣಗಳೋ! ಮೊದಲ ಶನಿವಾರ ನಾನು ಕೆಲಸ ಬಿಟ್ಟು ಅದನ್ನೇ ಓದುತ್ತಾ ಕೂತೆ.

‘ಗೊರೂರು ಬಸ್ಸಿನಲ್ಲಿ ಮರೆತ ಛತ್ರಿಯನ್ನು ಕಂಡಕ್ಟರ್ ಮಾರನೇ ದಿನ ಹಿಂದಿರುಗಿಸಿದ್ದಕ್ಕೆ, ಐದು ರೂಪಾಯಿ.’

‘ಗಣಿತದಲ್ಲಿ ಮೂವತ್ತೈದು ಬಂದಿದ್ದಕ್ಕೆ, ಮೂವತ್ತೈದು ರೂಪಾಯಿ.’

‘ಸೊಸೆ ಕೊನೆಗೂ ಮುದ್ದೆ ಗಂಟಿಲ್ಲದೆ ತಿರುವಲು ಕಲಿತದ್ದಕ್ಕೆ, ಹತ್ತು ರೂಪಾಯಿ.’ ಅದರ ಮುಂದಿನ ತಿಂಗಳು ಅದೇ ಮನೆಯಿಂದ, ಸೊಸೆಯ ಹೆಸರಿನಲ್ಲಿ: ‘ಅತ್ತೆ ಒಂದು ತಿಂಗಳು ಮಗಳ ಮನೆಗೆ ಚನ್ನರಾಯಪಟ್ಟಣಕ್ಕೆ ಹೋಗಿದ್ದಕ್ಕೆ, ಇಪ್ಪತ್ತು ರೂಪಾಯಿ.’

“ಇದನ್ನೂ ಓದಿದ್ರಾ ಸರ್?”

“ಓದ್ದೆ. ಅತ್ತೆ ಮುಂದಿನ ಬೆಂಚಲ್ಲೇ ಕೂತಿದ್ರು. ಎಲ್ರಿಗಿಂತ ಜೋರಾಗಿ ನಕ್ಕಿದ್ದು ಅವ್ರೇ.”

ನಾನೂ ನಕ್ಕೆ. ಆದರೆ ನನಗದು ಸರಿ ಕಾಣಲಿಲ್ಲ. ನಾನು ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಬೆಳೆದವಳು. ನಮ್ಮ ಮನೆಯಲ್ಲಿ ಹರಕೆಯ ದುಡ್ಡನ್ನು ಅರಿಸಿನದ ಬಟ್ಟೆಯಲ್ಲಿ ಗಂಟು ಕಟ್ಟಿ ದೇವರ ಮುಂದೆ ಇಡುತ್ತಾರೆ. ಏಕೆ ಕಟ್ಟಿದೆ ಎಂದು ಕಟ್ಟಿದವರು ಹೇಳುವುದಿಲ್ಲ, ಉಳಿದವರು ಕೇಳುವುದಿಲ್ಲ. ಅಮ್ಮ ನನಗಾಗಿ ಕಟ್ಟಿಟ್ಟ ಗಂಟುಗಳು ಎಷ್ಟೋ. ಒಂದರ ಕಾರಣವೂ ನನಗೆ ತಿಳಿಯದು. ಅದರಲ್ಲೇ ಒಂದು ಮರ್ಯಾದೆ ಇದೆ ಎಂದು ನಾನು ನಂಬಿದವಳು. ಒಬ್ಬರ ಮೊಣಕಾಲು ನೋವು, ಒಬ್ಬರ ಗಂಡನ ಕೆಲಸ, ಒಬ್ಬರ ಮಗಳ ಮದುವೆ ಮಾತುಕತೆ, ಇದನ್ನೆಲ್ಲ ಮೈಕಿನಲ್ಲಿ ಓದುವುದೇ?

ಸಾಫ್ಟ್‌ವೇರ್ ನನ್ನ ಪಕ್ಷ ವಹಿಸಿತು. ಅದಕ್ಕೆ ಕನ್ನಡ ಬಾರದು. ವಿವರ ಬರೆಯುವ ಚೌಕದಲ್ಲಿ ಒಂದು ಸಾಲಿಗಿಂತ ಹೆಚ್ಚು ಹಿಡಿಸದು. ಗಂಟಿಲ್ಲದ ಮುದ್ದೆಯನ್ನು ಇಂಗ್ಲಿಷಿನಲ್ಲಿ ಒಂದು ಸಾಲಿಗೆ ಇಳಿಸುವವರು ಯಾರು?

“ಕಾರಣಕ್ಕೆ ಜಾಗ ಇಲ್ವಾ ಮಿಸ್?” ಎಂದು ಸುಂದರರಾಜ್ ಸರ್ ಕೇಳಿದರು.

“ಬೇಡ ಸರ್. ಹೆಸರು, ರಸೀದಿ ನಂಬರ್, ಮೊತ್ತ ಇದ್ದರೆ ಸಾಕು. ಲೆಕ್ಕಕ್ಕೆ ಕಾರಣ ಬೇಕಿಲ್ಲ.”

ಅವರು ಜೇಬಿನ ಪೆನ್ನು ತೆಗೆದರು. ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ‘ಕಾರಣ ಬೇಕಿಲ್ಲ.’ ಒಳ್ಳೆಯ ವಿದ್ಯಾರ್ಥಿ ನೋಡಿ, ಟೀಚರ್ ಹೇಳಿದ ಮೇಲೆ ಮುಗಿಯಿತು.

ಸಭೆಯ ಕಾರ್ಯದರ್ಶಿ ಪ್ರಭಾಕರ್ ಅವರಿಗಂತೂ ಇದರಿಂದ ಪರಮಾನಂದ. ಅವರು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವರು. “ಮಿಸ್, ನಿಮಗೆ ಗೊತ್ತಿಲ್ಲ. ಇವರು ಓದಿ ಮುಗಿಸೋ ಹೊತ್ತಿಗೆ ಊಟದ ಅನ್ನ ತಣ್ಣಗಾಗಿ ಕಲ್ಲಾಗಿರುತ್ತೆ. ಈ ಸಲ ಬಿಸಿ ಅನ್ನ ಉಂಡ್ರೆ ಅದರ ಪುಣ್ಯ ನಿಮಗೆ,” ಅಂದರು.

ಹೀಗೆ ಆ ವರ್ಷ ರಟ್ಟಿನ ಪುಸ್ತಕ ಬೀರುವಿಗೆ ಹೋಯಿತು. ಕವರ್ ಬರುತ್ತಿತ್ತು, ಹೆಸರು ಮೊತ್ತ ಕಂಪ್ಯೂಟರಿಗೆ ಹೋಗುತ್ತಿತ್ತು, ಕವರ್ ಹರಿದು ಬುಟ್ಟಿಗೆ ಬೀಳುತ್ತಿತ್ತು. ಹರಿಯುವ ರೂಢಿ ಉಳಿಯಿತು, ಬರೆದಿಡುವ ರೂಢಿ ನಿಂತಿತು. ಆಗ ನಮಗಿಬ್ಬರಿಗೂ ಅದು ಹೊಳೆಯಲಿಲ್ಲ.

ಕರುಣಮ್ಮನ ಕವರನ್ನು ಎಂಟ್ರಿ ಮಾಡಿದವಳು ನಾನೇ. ಆ ಶನಿವಾರ ಸರ್‌ಗೆ ನೆಗಡಿ, ಅವರು ಓದಿ ಹೇಳುತ್ತಿದ್ದರು, ನಾನು ಒತ್ತುತ್ತಿದ್ದೆ. ಕರುಣಮ್ಮ, ಸಾಲಗಾಮೆ, ನೂರಾ ಒಂದು ರೂಪಾಯಿ. ಕೂಲಿ ಮಾಡುವವರಿಗೆ ಅದು ದೊಡ್ಡ ಮೊತ್ತ. ಸರ್ ಕಾರಣ ಓದದೆ ಕವರನ್ನು ನನ್ನ ಮುಂದೆ ಹಿಡಿದರು. ಯಾರಿಂದಲೋ ಬರೆಸಿದ್ದು: ‘ಕಳೆದಿದ್ದ ಸೀರೆ ಸಿಕ್ಕಿದ್ದಕ್ಕೆ. ನನ್ನ ಮಗಳು ಗ್ರೇಸಿ ಅದನ್ನು ತೆಗೆದುಕೊಂಡಿರಲಿಲ್ಲ ಎಂದು ಗೊತ್ತಾಗಿದ್ದಕ್ಕೆ.’

ಸೀರೆಯ ವಿಷಯ ನನಗೆ ಗೊತ್ತಿತ್ತು. ಊರಲ್ಲಿ ಯಾರಿಗೆ ಗೊತ್ತಿರಲಿಲ್ಲ? ಗ್ರೇಸಿ ಒಂದು ಟೈಲರಿಂಗ್ ಅಂಗಡಿಯಲ್ಲಿ ಸೀರೆಗೆ ಫಾಲ್ ಹೊಲಿಯುವ, ಸೆರಗಿಗೆ ಕುಚ್ಚು ಕಟ್ಟುವ ಕೆಲಸದಲ್ಲಿದ್ದಳು. ಅವಳ ಕುಚ್ಚಿಗೆ ಹೆಸರಿತ್ತು. ಮದುವೆಯ ರೇಷ್ಮೆ ಸೀರೆಯೊಂದು ಕುಚ್ಚಿಗೆ ಬಂದದ್ದು ಕಾಣೆಯಾಯಿತು. ಕೊನೆಯ ಸಲ ಅದು ಇದ್ದದ್ದು ಅವಳ ಕೈಯಲ್ಲಿ. ಮಾಲೀಕರು ಪೊಲೀಸರಿಗೆ ಹೇಳಲಿಲ್ಲ (ಅದೇ ಒಂದು ಉಪಕಾರ ಎಂಬಂತೆ ಎಲ್ಲರಿಗೂ ಹೇಳಿಕೊಂಡರು), ನಾಳೆಯಿಂದ ಬರಬೇಡ ಅಂದರು. ನಾನಿರುವ ಲೇಡೀಸ್ ಹಾಸ್ಟೆಲಿನಲ್ಲಿ ಮೂರು ಜನ ಬೇರೆ ಬೇರೆ ದಿನ ನನಗೆ ಇದೇ ಸುದ್ದಿ ಹೇಳಿದರು. ಚರ್ಚಿನ ಹೆಂಗಸರು ಮನೆಗೆ ಕರೆದು ಅವಳ ಕೈಗೆ ಸೀರೆ ಕೊಡುತ್ತಿದ್ದರು, ಅವರೂ ನಿಲ್ಲಿಸಿದರು. ಯಾರೂ ಕಳ್ಳಿ ಎನ್ನಲಿಲ್ಲ. “ಈ ಸಲ ಕುಚ್ಚು ಬೇಡಮ್ಮ, ಪ್ಲೇನ್ ಸಾಕು,” ಅಂದರು ಅಷ್ಟೇ.

ನಾಲ್ಕು ತಿಂಗಳ ಮೇಲೆ ಸೀರೆ ಸಿಕ್ಕಿತು. ಅಂಗಡಿಯಲ್ಲಿ ಪ್ಯಾಕ್ ಮಾಡುವಾಗ ಇನ್ನೊಬ್ಬ ಗಿರಾಕಿಯ ಚೀಲಕ್ಕೆ ಸೇರಿಹೋಗಿತ್ತು. ಆ ಮನೆಯಲ್ಲಿ ಅದೇ ವಾರ ಸಾವಾಗಿ, ಹೊಸ ಬಟ್ಟೆಯ ಚೀಲವನ್ನು ಬಿಚ್ಚದೆ ಹಾಗೇ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೆ. ಸೀರೆ ಒಡತಿಗೆ ಸೇರಿತು. ಮಾಲೀಕರು ಗ್ರೇಸಿಗೆ ಹೇಳಿಕಳಿಸಿದರು: ಸಿಕ್ಕಿತು, ಬೇಕಾದರೆ ಬಾ. ಅಷ್ಟೇ. ಅವಳು ಹೋಗಲಿಲ್ಲ.

ಇದನ್ನೆಲ್ಲ ಸುಂದರರಾಜ್ ಸರ್ ಹೇಳಿದಾಗ ನನಗನ್ನಿಸಿದ್ದು ಒಂದೇ: ಸದ್ಯ, ಇದನ್ನು ಓದುವ ಹಾಗಿಲ್ಲವಲ್ಲ! ಪಾಪ, ಆ ಹುಡುಗಿಯ ಹೆಸರನ್ನು ಮತ್ತೆ ಸೀರೆಯ ಜೊತೆ ಸೇರಿಸಿ ಎಲ್ಲರ ಮುಂದೆ ಹೇಳುವುದೇ? ನಾನು ಅವಳ ಜಾಗದಲ್ಲಿದ್ದರೆ ನೆಲ ಸೀಳಿ ಒಳಗೆ ಹೋಗಬೇಕು ಅನ್ನಿಸುತ್ತಿತ್ತು. ‘ಸ್ತೋತ್ರ ಕಾಣಿಕೆ’ ಎಂಬ ತಲೆಬರಹದ ಕೆಳಗೆ ನೂರಾ ಒಂದು ರೂಪಾಯಿ ಸೇರಿಸಿ ಎಂಟರ್ ಒತ್ತಿದೆ. ಒಂದು ಉಪಕಾರ ಮಾಡಿದ ಹಾಗೆ. (ಮಾಲೀಕರೂ ಹಾಗೇ ಅಂದುಕೊಂಡಿದ್ದರು, ಅಲ್ಲವೇ?)

ಈಗ ಸಭೆಗೆ ಬನ್ನಿ.

ಕರುಣಮ್ಮ ನಿಂತೇ ಇದ್ದರು. ಪಕ್ಕದಲ್ಲಿ ಗ್ರೇಸಿ ತಲೆ ತಗ್ಗಿಸಿ ತಾಯಿಯ ಸೆರಗು ಎಳೆಯುತ್ತಿದ್ದಳು. “ಕುಂತ್ಕಳವ್ವ.”

ಪ್ರಭಾಕರ್ ಸಮಾಧಾನ ಹೇಳಲು ಎದ್ದರು. “ಅಮ್ಮ, ನಿಮ್ಮದು ಬಿಟ್ಟುಹೋಗಿಲ್ಲ. ಸ್ತೋತ್ರ ಕಾಣಿಕೆ ಒಟ್ಟು ಮೊತ್ತದೊಳಗೆ ಸೇರಿದೆ.”

“ದುಡ್ಡು ಸೇರ್ಕಂತು ಕಣಪ್ಪ. ನಾನು ಬರ್ಸಿದ್ದು ಎಲ್ಲೋಯ್ತು?”

“ಅದು... ಈಗ ಕಂಪ್ಯೂಟರ್ ಬಂದಿದೆಯಲ್ಲಮ್ಮ, ಅದರಲ್ಲಿ ಕಾರಣ ಎಲ್ಲ ಬರಲ್ಲ. ದೇವರಿಗೆ ಗೊತ್ತಿರುತ್ತೆ ಬಿಡಿ.”

“ದೇವ್ರಿಗೆ ಮೊದ್ಲಿಂದ್ಲೂ ಗೊತ್ತು. ಅವ್ನಿಗೇಳಕ್ಕೆ ನೂರೊಂದು ರೂಪಾಯಿ ಯಾಕೆ? ಇವ್ರಿಗೆ ಗೊತ್ತಾಗ್ಲಿ ಅಂತ ಕೊಟ್ಟಿದ್ದು,” ಎಂದು ಅವರು ಕೈಯನ್ನು ಬೆಂಚುಗಳ ಕಡೆ ಒಮ್ಮೆ ಬೀಸಿದರು. “ಈ ಮೀಟಿಂಗ್ ಯಾವಾಗ ಬತ್ತದೆ ಅಂತ ಆರು ತಿಂಗ್ಳಿಂದ ಕಾಯ್ತಾ ಇವ್ನಿ. ಇವತ್ತು ಅಂಗೇ ಓಗು ಅಂದ್ರೆ ಎಂಗೋಗ್ಲಿ?”

ನಕ್ಕವರು ಒಬ್ಬರೂ ಇಲ್ಲ.

ಅದುವರೆಗೆ ನನ್ನ ತಲೆಗೆ ಹೊಳೆಯದೇ ಇದ್ದದ್ದು ಆಗ ಹೊಳೆಯಿತು. ಇವರು ಆ ಹಣ ಕೊಟ್ಟದ್ದು ಓದಿಸಲಿಕ್ಕೆ. ಮನೆ ಮನೆಗೆ ಹೋಗಿ ‘ನನ್ನ ಮಗಳು ಕಳ್ಳಿಯಲ್ಲ’ ಎಂದು ಹೇಳಲು ಯಾವ ತಾಯಿಗೆ ಬಾಯಿ ಬರುತ್ತದೆ? ಹೇಳಿದರೂ ಯಾರು ನಂಬುತ್ತಾರೆ? ಖಜಾಂಚಿ ಎದ್ದು ನಿಂತು, ಕನ್ನಡಕ ಹಾಕಿಕೊಂಡು, ಲೆಕ್ಕದ ಪುಸ್ತಕದಿಂದ ಓದಿದರೆ ಅದು ಬೇರೆ. ಅದು ವರದಿ. ಅದು ಸಭೆಯಲ್ಲಿ ಮಂಜೂರಾಗುತ್ತದೆ. ಆ ಕಡೆಯವರು ಸೂಚಿಸಿ ಈ ಕಡೆಯವರು ಅನುಮೋದಿಸುತ್ತಾರೆ. ಗ್ರೇಸಿಯ ಹೆಸರು ತೊಳೆಯುವ ಜಾಗ ಹಾಸನದಲ್ಲಿ ಅದೊಂದೇ ಇತ್ತು. ಅದನ್ನು ನಾನು ಅಳಿಸಿದ್ದೆ, ಅಚ್ಚುಕಟ್ಟಾಗಿ.

ಸುಂದರರಾಜ್ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಈಗ ನನ್ನ ಕಡೆ ಕೈ ತೋರಿಸುತ್ತಾರೆ ಎಂದುಕೊಂಡೆ. ತೋರಿಸಿದ್ದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ‘ಕಾರಣ ಬೇಕಿಲ್ಲ’ ಎಂಬ ನನ್ನ ಮಾತಿಗೆ ಅವರ ನೋಟ್‌ಬುಕ್ಕಿನಲ್ಲಿ ದಾಖಲೆಯೇ ಇತ್ತು.

“ತಪ್ಪು ನಂದು,” ಅಂದರು. “ಪುಸ್ತಕದಲ್ಲಿ ಬರೆದಿಡಬೇಕಿತ್ತು, ಬರೆದಿಡಲಿಲ್ಲ. ಸಭೆಯ ಕ್ಷಮೆ ಕೇಳ್ತೀನಿ.”

ಆಮೇಲೆ ನನ್ನ ಕಡೆ ತಿರುಗಿ, ಕ್ಲಾಸಿನಲ್ಲಿ ಕೇಳುವ ದನಿಯಲ್ಲೇ, “ಮಿಸ್, ಈ ಸ್ತೋತ್ರ ಕಾಣಿಕೆಯ ಒಳಗಿನ ಪಟ್ಟಿ ಬರುತ್ತಲ್ಲ, ತಾರೀಕು ಪ್ರಕಾರ? ಅದು ಪ್ರಿಂಟ್ ಆಗುತ್ತಾ?”

ಆಗುತ್ತಿತ್ತು. ಕಂಪ್ಯೂಟರ್ ಪಕ್ಕದ ಕೋಣೆಯಲ್ಲಿತ್ತು, ಕರೆಂಟೂ ಇತ್ತು. (ಭಾನುವಾರ ಹನ್ನೆರಡಕ್ಕೆ ಹಾಸನದಲ್ಲಿ ಕರೆಂಟ್ ಇತ್ತು. ಇದಕ್ಕೇ ಒಂದು ಕಾಣಿಕೆ ಕೊಡಬಹುದು.) ಪ್ರಿಂಟರ್ ಕರಕರ ಎಂದು ಒಂದಕ್ಕೊಂದು ಅಂಟಿಕೊಂಡ ಹಾಳೆಗಳನ್ನು ಕಕ್ಕತೊಡಗಿತು. ಇನ್ನೂರಕ್ಕೂ ಮೇಲೆ ಸಾಲು. ತಾರೀಕು, ಹೆಸರು, ರಸೀದಿ ನಂಬರ್, ಮೊತ್ತ. ಒಂದೂ ತಪ್ಪಿರಲಿಲ್ಲ. ನಾನು ಆ ಉದ್ದನೆಯ ಕಾಗದವನ್ನು ಎರಡು ಕೈಯಲ್ಲಿ ಹೊತ್ತು ತಂದೆ.

ಸರ್ ಮೊದಲ ಸಾಲು ಓದಿದರು. ಹೆಸರು, ಮೊತ್ತ. ನಿಂತರು. ಕಣ್ಣು ಮುಚ್ಚಿದರು. “ಇದು... ಎಮ್ಮೆ ಕರು ಹಾಕಿದ್ದಕ್ಕೆ.”

“ಎಮ್ಮೆ ಅಲ್ಲ ಸಾ, ಅಸಾ!” ಎಂದು ಹಿಂದಿನಿಂದ ಕೂಗು.

“ಹಸು. ಬರ್ಕೊಳ್ಳಿ ಮಿಸ್.”

ಬರೆದುಕೊಳ್ಳಬೇಕಾದವಳು ನಾನು! ಪೆನ್ನು ಹಿಡಿದು ವೇದಿಕೆಯ ಮೆಟ್ಟಿಲ ಮೇಲೆ ಕೂತೆ. ಕಾಗದದ ಬಲಗಡೆ ನಾನೇ ಖಾಲಿ ಬಿಟ್ಟಿದ್ದ ಜಾಗದಲ್ಲಿ, ಕನ್ನಡದಲ್ಲಿ, ಒಂದೊಂದೇ ಕಾರಣ ಬರೆಯತೊಡಗಿದೆ.

ಆ ಮನುಷ್ಯನ ನೆನಪು ನೋಡಬೇಕಿತ್ತು. ಮೊತ್ತ ಕೇಳಿದರೆ ಕಾರಣ ಬರುತ್ತಿತ್ತು. ಹದಿನೈದು ರೂಪಾಯಿ, ಅರಕಲಗೂಡಿನ ರಾಜಮ್ಮನವರು, ಕಿವಿಗೆ ಹೋಗಿದ್ದ ಜೋಳದ ಕಾಳು ಆಪರೇಷನ್ ಇಲ್ಲದೆ ಹೊರಗೆ ಬಂದಿದ್ದಕ್ಕೆ. ಐವತ್ತು ರೂಪಾಯಿ, ಇಬ್ಬರು ಅಣ್ಣತಮ್ಮಂದಿರು ಸೇರಿ, ಎಂಟು ವರ್ಷದ ಮೇಲೆ ಮಾತಾಡಿದ್ದಕ್ಕೆ. ಅವರು ಮರೆತದ್ದನ್ನು ಕೊಟ್ಟವರೇ ಎದ್ದು ಹೇಳುತ್ತಿದ್ದರು. ಕೊಟ್ಟವರೂ ಮರೆತಿದ್ದರೆ ಪಕ್ಕದವರು ನೆನಪಿಸುತ್ತಿದ್ದರು. ಒಬ್ಬರಿಗೆ ತಾವು ಕೊಟ್ಟದ್ದು ಏಕೆ ಎಂದು ಹೆಂಡತಿ ಹೇಳಬೇಕಾಯಿತು. “ನಾನು ಹುಷಾರಾಗಿದ್ದಕ್ಕೆ ಕಣ್ರೀ!” ಇಡೀ ಚರ್ಚು ಉರುಳಾಡಿ ನಕ್ಕಿತು. ಆತನ ಮುಖ ನೋಡಲಾಗಲಿಲ್ಲ.

“ಪ್ರಭಾಕರ್. ಐವತ್ತು ರೂಪಾಯಿ,” ಎಂದು ಓದಿ ಸರ್ ನಿಂತರು. ಕಾರ್ಯದರ್ಶಿಯ ಕಡೆ ನೋಡಿದರು. “ಓದ್ಲೋ, ಬೇಡ್ವೋ?”

ಊಟದ ಚಿಂತೆಯಲ್ಲಿ ಬಾಗಿಲ ಬಳಿ ನಿಂತಿದ್ದ ಪ್ರಭಾಕರ್ ತಲೆ ಕೆರೆದುಕೊಂಡರು. “ಓದಿಬಿಡಿ ಸರ್.”

“ನಾಲ್ಕನೇ ಸಲಕ್ಕೆ ಸ್ಕೂಟರ್ ಲೈಸೆನ್ಸ್ ಸಿಕ್ಕಿದ್ದಕ್ಕೆ.”

ಅರ್ಥಶಾಸ್ತ್ರದ ಮೇಷ್ಟ್ರು! ಆ ನಗು ನಿಲ್ಲಲು ಐದು ನಿಮಿಷ ಬೇಕಾಯಿತು. ನನ್ನ ಇಡೀ ವರದಿಯ ಹೊತ್ತು.

ಆಮೇಲೆ ಆ ಸಾಲು ಬಂತು.

“ಕರುಣಮ್ಮ. ಸಾಲಗಾಮೆ. ನೂರಾ ಒಂದು.”

ಸರ್‌ಗೆ ಕಾರಣ ನೆನಪಿತ್ತು. ನೆನಪಿಲ್ಲದೆ ಏನು? ಆದರೂ ಓದಲಿಲ್ಲ. ಕರುಣಮ್ಮನನ್ನೂ ನೋಡಲಿಲ್ಲ. ಅವರ ಪಕ್ಕಕ್ಕೆ ನೋಡಿ, ಮೆತ್ತಗೆ, “ಗ್ರೇಸಿ, ಓದ್ಲೇನಮ್ಮ?” ಅಂದರು.

ಬೇಡ ಅನ್ನುತ್ತಾಳೆ ಎಂದು ನನಗೆ ಖಾತ್ರಿಯಿತ್ತು. ನಾನಾಗಿದ್ದರೆ ಬೇಡವೇ ಅನ್ನುತ್ತಿದ್ದೆ. ಸೆರಗು ಎಳೆಯುತ್ತಿದ್ದ ಆ ಕೈ, ತಗ್ಗಿದ ಆ ತಲೆ, ಅದು ನನಗೆ ಗೊತ್ತಿರುವ ಭಾಷೆ. ನನ್ನಂಥವಳೇ ಇವಳು ಎಂದುಕೊಂಡಿದ್ದೆ.

ಅವಳು ಎದ್ದು ನಿಂತಳು.

“ನಾನೇ ಯೋಳ್ತೀನಿ ಸಾರ್.”

ತಾಯಿ ಬಾಯಿ ತೆರೆದು ಮಗಳನ್ನೇ ನೋಡಿದರು.

“ಆ ಸೀರೆ ಸಿಕ್ತು,” ಅಂದಳು. “ನಾನು ತಗಂಡಿರ್ನಿಲ್ಲ.”

ಕೂತಳು. ಎರಡೇ ವಾಕ್ಯ. ಯಾರ ಮೇಲೂ ದೂರಿಲ್ಲ, ಯಾರ ಹೆಸರೂ ಇಲ್ಲ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಿದ್ದರೆ ಕೆಡುತ್ತಿತ್ತು. ಮುಂದಿನ ಸಾಲುಗಳಲ್ಲಿ ಕೆಲವು ಹೆಂಗಸರು ತಮ್ಮ ಸೆರಗಿನ ತುದಿಯನ್ನೇ ನೋಡುತ್ತಾ ಕೂತಿದ್ದರು. ಸುಂದರರಾಜ್ ಸರ್ ಬೇರೆ ಎಲ್ಲವನ್ನೂ ಓದಿದ ದನಿಯಲ್ಲೇ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲದಂತೆ ಓದಿದರು: “ಕಳೆದಿದ್ದ ಸೀರೆ ಸಿಕ್ಕಿದ್ದಕ್ಕೆ. ನನ್ನ ಮಗಳು ಗ್ರೇಸಿ ಅದನ್ನು ತೆಗೆದುಕೊಂಡಿರಲಿಲ್ಲ ಎಂದು ಗೊತ್ತಾಗಿದ್ದಕ್ಕೆ. ನೂರಾ ಒಂದು ರೂಪಾಯಿ. ಬರ್ಕೊಂಡ್ರಾ ಮಿಸ್?”

ಬರೆದುಕೊಂಡೆ. ನನ್ನ ಅಕ್ಷರ ಎಂದೂ ಅಷ್ಟು ಸೊಟ್ಟಗೆ ಬಂದಿರಲಿಲ್ಲ.

ಉಳಿದ ಸಾಲುಗಳು ಮುಗಿಯುವ ಹೊತ್ತಿಗೆ ಎರಡೂವರೆ ಗಂಟೆ ಕಳೆದಿತ್ತು. ಹಿಂದಿನ ವರ್ಷಗಳ ದಾಖಲೆಯೂ ಮುರಿಯಿತು. ವರದಿ ಮಂಜೂರಾಯಿತು. ಅನ್ನ, ಪ್ರಭಾಕರ್ ಹೇಳಿದಂತೆ, ಕಲ್ಲೇ. ಸಾರು ಬಿಸಿಯಿತ್ತು.

ಕೈತೊಳೆಯುವಲ್ಲಿ ನನ್ನ ಮುಂದೆ ಗ್ರೇಸಿ ನಿಂತಿದ್ದಳು. ರೇಷ್ಮೆ ಸೀರೆ ಉಟ್ಟಿದ್ದ ಒಬ್ಬ ಹಿರಿಯ ಹೆಂಗಸು, ಹೆಸರು ಬೇಡ, ಅವಳ ಹತ್ತಿರ ಬಂದು ಸುಮ್ಮನೆ ನಲ್ಲಿ ತಿರುಗಿಸಿ, ಮುಚ್ಚಿ, ಮತ್ತೆ ತಿರುಗಿಸಿದರು.

“ಗ್ರೇಸಿ, ಮುಂದಿನ ತಿಂಗಳು ತಂಗಿ ಮಗಳ ಮದುವೆ ಇದೆ. ಎರಡು ಸೀರೆ ಕಳಿಸ್ಲಾ? ಕುಚ್ಚು ಕಟ್ಟಿಕೊಡ್ತೀಯಾ?”

ಗ್ರೇಸಿ ಕೈ ಒರೆಸಿಕೊಂಡಳು. “ಕಟ್ತೀನಿ ಆಂಟಿ. ಆದ್ರೆ ಈಗ ರೇಟ್ ಜಾಸ್ತಿ ಆಗೈತೆ.”

“ಎಷ್ಟಾದ್ರೂ ಆಗಲಿ ಬಿಡಮ್ಮ.”

“ಎಷ್ಟಾದ್ರೂ ಅಲ್ಲ ಆಂಟಿ. ಇಪ್ಪತ್ತು ರೂಪಾಯಿ ಜಾಸ್ತಿ. ಎಲ್ರಿಗೂ ಅಷ್ಟೇ.”

ಆ ಹುಡುಗಿ ನನ್ನಂಥವಳಲ್ಲ. ನನಗಿಂತ ಎಷ್ಟೋ ಗಟ್ಟಿ.

ಕಂಪ್ಯೂಟರನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ಅದು ಇಲ್ಲದಿದ್ದರೆ ಅಷ್ಟು ಹೆಸರು, ಅಷ್ಟು ರಸೀದಿ ಎರಡು ನಿಮಿಷದಲ್ಲಿ ಯಾರ ಕೈಗೆ ಸಿಗುತ್ತಿತ್ತು? ಪ್ರತಿ ವರ್ಷ ಮೂರೂವರೆಯೋ ನಾಲ್ಕೂಕಾಲೋ ರೂಪಾಯಿ ತಾಳೆಯಾಗದೆ, ಸುಂದರರಾಜ್ ಸರ್ ತಮ್ಮ ಜೇಬಿನಿಂದ ಹಾಕಿ ಮುಚ್ಚುತ್ತಿದ್ದರಂತೆ. ಈ ವರ್ಷ ಹಾಕಬೇಕಾಗಲಿಲ್ಲ. “ನಿಮ್ಮ ಸಾಫ್ಟ್‌ವೇರ್‌ನಿಂದ ನನಗೆ ಮೂರೂವರೆ ಲಾಭ ಮಿಸ್,” ಅಂದರು. ಮುಂದಿನ ಶನಿವಾರ ಹೊಸದೊಂದು ರಟ್ಟಿನ ಪುಸ್ತಕ ತಂದಿದ್ದರು. ಈಗ ಕವರ್ ಬಂದರೆ ಮೊತ್ತ ಕಂಪ್ಯೂಟರಿಗೆ, ಕಾರಣ ಪುಸ್ತಕಕ್ಕೆ, ಎರಡಕ್ಕೂ ಒಂದೇ ರಸೀದಿ ನಂಬರ್. ಎರಡೂ ಆದ ಮೇಲೆಯೇ ಕವರ್ ಹರಿಯುವುದು. ಅವರು ನನಗೆ ಕಲಿಸಿದ ಈ ಪಾಠಕ್ಕೆ ಫೀಸು ತೆಗೆದುಕೊಂಡಿಲ್ಲ.

ಅವರಿಗೆ ನಾನು ಎರಡು ಋಣ ತೀರಿಸಬೇಕು. ಪಟ್ಟಿ ಕೇಳಿ ನನ್ನ ತಪ್ಪನ್ನು ಸರಿಮಾಡಿದ್ದು ಒಂದು. ಅಷ್ಟು ಜನರ ಮುಂದೆ ನನ್ನ ಹೆಸರು ಹೇಳದೆ ಇದ್ದದ್ದು ಇನ್ನೊಂದು. ಆ ದಿನ ನಾನು ಎದ್ದು ‘ತಪ್ಪು ನನ್ನದು’ ಎನ್ನಲಿಲ್ಲ. ಎನ್ನಬೇಕಿತ್ತು. ಗ್ರೇಸಿಗೆ ಬಂದ ಧೈರ್ಯ ನನಗೆ ಬರಲಿಲ್ಲ. ಆದ್ದರಿಂದ ಈ ವಾರ ಇಲ್ಲಿ ಬರೆಯುತ್ತಿದ್ದೇನೆ: ತಪ್ಪು ನನ್ನದು. ಸುಂದರರಾಜ್ ಸರ್, ಥ್ಯಾಂಕ್ಸ್.

ಬರೆಯುವ ಮೊದಲು ಸಾಲಗಾಮೆಗೆ ಹೋಗಿ ಗ್ರೇಸಿಯನ್ನು ಕೇಳಿದೆ. ಹೆಸರು ಬದಲಿಸಿ ಬರೆಯುತ್ತೇನೆ, ಯಾರಿಗೂ ಗುರುತು ಸಿಗುವುದಿಲ್ಲ ಅಂದೆ. ಅವಳು ಕಾಲ ಹೆಬ್ಬೆರಳಿಗೆ ದಾರ ಸಿಕ್ಕಿಸಿ ಕುಚ್ಚು ಹೊಸೆಯುತ್ತಿದ್ದಳು. ತಲೆ ಎತ್ತಲಿಲ್ಲ.

“ಎಸ್ರಾಕೇ ಬರೀರಿ ಮಿಸ್. ಅವತ್ತು ಎಸ್ರೇಳ್ಕಂಡೇ ಅಲ್ವಾ ಎಲ್ರೂ ಮಾತಾಡಿದ್ದು?”

ಸೀರೆ ಕಳೆದ ಸುದ್ದಿಯನ್ನು ಹಾಸನದಲ್ಲಿ ಕೇಳದವರಿಲ್ಲ. ಸಿಕ್ಕ ಸುದ್ದಿಯನ್ನು ಇವತ್ತು ನೀವು ಯಾರಿಗೆ ಹೇಳುತ್ತೀರಿ?